ಅಣಕಿಸಿದ್ರ ಸಾಲದ್ರಿ, ನಗಸಬೇಕು!

'ಸ್ಕೇರಿ ಮೂವಿ' ಅನ್ನೋ ಅಣಕ ಸಿನಿಮಾ ಬರದವರು ಆರು ಮಂದಿ. ಅವರೊಳಗಿನ ಇಬ್ಬರು, ಫ್ರೀಡ್‌ಬರ್ಗ್ ಮತ್ತ ಸೆಲ್ಟ್ಜರ್, 2006ರಾಗ ಲವ್ ಕಾಮಿಡಿಗಳನ್ನ ಅಣಕಿಸಾಕ 'ಡೇಟ್ ಮೂವಿ' ತಂದ್ರು. ರೊಕ್ಕ ಬಂತು, ನಗು ಬರಲಿಲ್ಲ. ಯಾಕ್ರಿ?

'ಹಿಚ್', 'ಮೀಟ್ ದ ಪೇರೆಂಟ್ಸ್'ನಂಥ ಸಿನಿಮಾಗಳಿಂದ ಗೊತ್ತಿರೋ ಸೀನ್ ತರೋದು, ಹೊಲಸು ಜೋಕ್ ಹಚ್ಚೋದು, ಮುಂದಕ್ಕ ಓಡೋದು! ಮೊದಲ ನಗಸೋ ಸಿನಿಮಾಗಳವು; ಅವನ್ನ ಅಣಕಿಸೋದು ಇನ್ನೂ ಕಷ್ಟ.

ನಮ್ಮ ಸಿರಸಂಗಿ ಮಂದಿಗೆ ಪ್ರೀತಿ ಮ್ಯಾಲಿನ ಚಾಷ್ಟಿ ಹೊಸದಲ್ಲ. ನಮ್ಮ ಬೆಳಗಾವಿ ಜಿಲ್ಲಾದ ಕುಲಗೋಡ ತಮ್ಮಣ್ಣನ 'ಶ್ರೀಕೃಷ್ಣ ಪಾರಿಜಾತ' ಆಟದಾಗ ಒಂದು ಹೂವಿಗೆ ಸತ್ಯಭಾಮಾ ಮುನಿಸ್ಕೋತಾಳ, ದೂತಿ ಛೇಡಿಸ್ತಾಳ. ಅಲ್ಲಿ ನಗು ಹುಟ್ಟೋದು ಸತ್ಯಭಾಮಾನ ಗರ್ವದಿಂದ, ಪಾತ್ರದ ಒಳಗಿಂದ.

ಅಣಕ ಸಿನಿಮಾಕ್ಕ ಒಂದಾ ಪರೀಕ್ಷಾ: ಮೂಲ ಸಿನಿಮಾ ನೋಡದವರೂ ನಕ್ರ, ಅದು ಪಾಸ್!