ಸೌರವ್ಯೂಹದ ಚಿತ್ರ ಅಳತೆಗೆ ಸರಿಯಾಗಿ ಏಕಿರುವುದಿಲ್ಲ?

ಪ್ರಶ್ನೆ: ವಿಜ್ಞಾನ ಪತ್ರಿಕೆಗಳ ಚಿತ್ರಗಳಲ್ಲಿ ಗ್ರಹಗಳು ಒತ್ತೊತ್ತಾಗಿರುತ್ತವೆ. ನಿಜವಾದ ಅಳತೆಯಲ್ಲೇ ಏಕೆ ಬರೆಯುವುದಿಲ್ಲ?

ಉತ್ತರ: ಪುಟ ಸಾಲುವುದಿಲ್ಲ. ಭೂಮಿಯನ್ನು 1 ಮಿಲಿಮೀಟರ್ ಚುಕ್ಕೆಯಾಗಿ ಬರೆದರೆ ಸೂರ್ಯನ ಅಗಲ ಸುಮಾರು 11 ಸೆಂಟಿಮೀಟರ್ ಆಗುತ್ತದೆ. ಅಷ್ಟಾದರೆ ಪುಟದಲ್ಲಿ ಹಿಡಿಯುತ್ತದೆ, ನಿಜ. ಆದರೆ ಆ ಚುಕ್ಕೆಯನ್ನು ಸೂರ್ಯನಿಂದ ಸುಮಾರು 12 ಮೀಟರ್ ದೂರದಲ್ಲಿಡಬೇಕು. ನೆಪ್ಚೂನ್ ಅನ್ನು 350 ಮೀಟರ್ ಆಚೆ! ಹಾಗಾಗಿ ಕಲಾವಿದರು ಗಾತ್ರಗಳ ಅನುಪಾತವನ್ನೋ ದೂರಗಳ ಅನುಪಾತವನ್ನೋ ಬಿಟ್ಟುಕೊಡುತ್ತಾರೆ, ಹಲವೊಮ್ಮೆ ಎರಡನ್ನೂ.

ಇದು ಅನಿವಾರ್ಯ, ತಪ್ಪಲ್ಲ. ನನ್ನನ್ನು ಹೆಚ್ಚು ಕಾಡುವುದು ಕಕ್ಷೆಗಳ ಚಿತ್ರ. ಓರೆಯಾಗಿ ನೋಡಿದಂತೆ ಬರೆಯುವುದರಿಂದ ಭೂಮಿಯ ಕಕ್ಷೆ ಉದ್ದನೆಯ ಮೊಟ್ಟೆಯಂತೆ ಕಾಣುತ್ತದೆ. ಅದನ್ನು ನೋಡಿ ಬೆಳೆದ ಮಕ್ಕಳು, ಭೂಮಿ ಸೂರ್ಯನ ಹತ್ತಿರ ಬಂದಾಗ ಬೇಸಿಗೆ ಎಂದು ನಂಬಿಬಿಡುತ್ತಾರೆ. ವಾಸ್ತವದಲ್ಲಿ ಕಕ್ಷೆ ಬಹುತೇಕ ವೃತ್ತವೇ; ದೂರ 14.7 ಕೋಟಿಯಿಂದ 15.2 ಕೋಟಿ ಕಿಲೋಮೀಟರ್ ನಡುವೆ ಬದಲಾಗುತ್ತದೆ, ಅಷ್ಟೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ನಮ್ಮ ಚಳಿಗಾಲದ ಜನವರಿಯಲ್ಲಿ. ಋತುಗಳಿಗೆ ಕಾರಣ ಭೂಮಿಯ ಅಕ್ಷದ 23.4 ಡಿಗ್ರಿ ಓರೆ.

ಇಂಥ ಚಿತ್ರದ ಕೆಳಗೆ ‘ಅಳತೆಗೆ ಅನುಗುಣವಾಗಿಲ್ಲ’ ಎಂಬ ಸಾಲು ಇರಲೇಬೇಕು. ಇಲ್ಲದಿದ್ದರೆ ಸಂಪಾದಕರಿಗೆ ಪತ್ರ ಬರೆದು ಕೇಳಿ.