ಹೊಟ್ಟಿ ತಡೆಯುವ ರೊಟ್ಟಿ, ಎಣ್ಣೆ ಬಿಡದ ಶೇಂಗಾ

"ರೊಟ್ಟಿ ಉಂಡ್ರ ಹೊಟ್ಟಿ ತಡೀತದ" ಎಂಬ ಮಾತು ಯಾದಗಿರಿ ಸೀಮೆಯಲ್ಲಿ ಹೊಲಕ್ಕೆ ಬುತ್ತಿ ಕಟ್ಟುವವರೆಲ್ಲರ ಬಾಯಲ್ಲೂ ಇದೆ. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಬಂದಮೇಲೆ ಸುರಪುರ, ಶಹಾಪುರದ ಎಷ್ಟೋ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. 2013ರಿಂದ ಅನ್ನಭಾಗ್ಯದ ಅಕ್ಕಿಯೂ ಮನೆಗೆ ಬಂತು. ಬಡವರ ಹಸಿವಿಗೆ ಅದು ದೊಡ್ಡ ಆಸರೆ, ಅನುಮಾನವೇ ಇಲ್ಲ. ಆದರೆ ಗಂಗಾಳದಲ್ಲಿ ನಾರು ಕಡಿಮೆಯಾಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಪಟ್ಟಿಯಂತೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ.

ಜೋಳದ ನಾರಿನ ಬಹುಪಾಲು ನೀರಲ್ಲಿ ಕರಗದು. ರೊಟ್ಟಿಯನ್ನು ಅಗಿಯಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಸಾಕೆನಿಸುತ್ತದೆ. ಜೊತೆಗಿರುವ ಮಡಿಕೆಕಾಳು, ಬೆಂಡೆಕಾಯಿಗಳಲ್ಲಿ ಕರಗುವ ನಾರೂ ಉಂಟು. ಅದರಲ್ಲಿ ಕೆಲವು ಬಗೆ ನೀರು ಹೀರಿ ಲೋಳೆಯಾಗಿ ಜಠರ ಬೇಗ ಬರಿದಾಗದಂತೆ ನೋಡಿಕೊಳ್ಳುತ್ತವೆ. ಜೀರ್ಣವಾಗದೆ ದೊಡ್ಡ ಕರುಳು ಸೇರಿದ ನಾರನ್ನು ಅಲ್ಲಿನ ಬ್ಯಾಕ್ಟೀರಿಯಾ ಹುಳಿಸಿದಾಗ ಹುಟ್ಟುವ ಕೊಬ್ಬಿನಾಮ್ಲಗಳು, ಹಸಿವು ತಗ್ಗಿಸುವ ಜಿಎಲ್‌ಪಿ-1ರಂಥ ಹಾರ್ಮೋನುಗಳನ್ನು ಪ್ರಚೋದಿಸಬಲ್ಲವು.

ಆದರೆ ನಾರಿನ ಪುಡಿ ಉಂಡ ಎಣ್ಣೆಯನ್ನೆಲ್ಲ ಹೊರಹಾಕುತ್ತದೆ ಎಂಬ ಜಾಹೀರಾತನ್ನು ನಂಬಬೇಡಿ. ಆರೋಗ್ಯವಂತ ಕರುಳು ಕೊಬ್ಬಿನಲ್ಲಿ ಶೇಕಡಾ 95ರಷ್ಟನ್ನು ಹೀರಿಕೊಳ್ಳುತ್ತದೆ, ನಾರು ಅದನ್ನು ತಗ್ಗಿಸುವುದು ಅಲ್ಪವೇ. ಕರಗುವ ನಾರಿನ ನಿಜವಾದ ಉಪಕಾರ ಬೇರೆ. ಅದು ಪಿತ್ತಾಮ್ಲವನ್ನು ಹಿಡಿದು ಸಾಗಿಸುತ್ತದೆ, ಹೊಸ ಪಿತ್ತ ಮಾಡಲು ಯಕೃತ್ತು ರಕ್ತದ ಕೊಲೆಸ್ಟರಾಲನ್ನು ಬಳಸಿಕೊಳ್ಳುತ್ತದೆ.

ಕೊಬ್ಬನ್ನು ನಿಜಕ್ಕೂ ತಡೆಯುವ ನಾರು ಶೇಂಗಾದಲ್ಲಿದೆ. ಅದರ ಎಣ್ಣೆ ಜೀವಕೋಶಗಳೊಳಗೆ, ನಾರಿನ ಗೋಡೆಯ ಹಿಂದೆ ಇರುತ್ತದೆ. ಶೇಂಗಾ ಹಿಂಡಿ (ಚಟ್ನಿಪುಡಿ) ಕುಟ್ಟುವಾಗ ಒನಕೆಗೆ ಜಿಡ್ಡು ಹತ್ತುವುದು ಆ ಗೋಡೆ ಒಡೆದಾಗ. 1980ರಲ್ಲಿ ಅಮೆರಿಕದ ಒಂದು ಪ್ರಯೋಗದಲ್ಲಿ, ಇಡಿ ಶೇಂಗಾ ತಿಂದವರ ಮಲದಲ್ಲಿ ಶೇಕಡಾ 18ರಷ್ಟು ಕೊಬ್ಬು ಹಾಗೇ ಹೊರಬಿದ್ದಿತ್ತು. ಅರೆದ ಶೇಂಗಾದಲ್ಲಿ ಅದು 7, ಬರೀ ಎಣ್ಣೆಯಲ್ಲಿ 5ಕ್ಕೂ ಕಡಿಮೆ.

ಇಲ್ಲೇ ನಮ್ಮ ಜಿಲ್ಲೆ ಎಚ್ಚರ ವಹಿಸಬೇಕು. ಮಕ್ಕಳ ಅಪೌಷ್ಟಿಕತೆ ರಾಜ್ಯದಲ್ಲಿ ಅತಿ ಹೆಚ್ಚಿರುವ ಜಿಲ್ಲೆಗಳಲ್ಲಿ ಯಾದಗಿರಿ ಒಂದು. ಮೈ ಇಳಿಸಬೇಕಾದ ದೊಡ್ಡವರಿಗೆ ಬೇಗ ತುಂಬುವ ಹೊಟ್ಟೆ ಒಳ್ಳೆಯದು. ಎರಡು ವರ್ಷದ ಕೂಸಿಗೆ ಅದೇ ತೊಡಕು: ಬೇಕಾದ ಶಕ್ತಿ ಸಿಗುವ ಮೊದಲೇ ಪುಟ್ಟ ಜಠರ ತುಂಬಿಬಿಡುತ್ತದೆ. ಅದಕ್ಕೆ ರೊಟ್ಟಿಯನ್ನು ಹಾಲಲ್ಲೋ ಬೇಳೆಯಲ್ಲೋ ನೆನೆಸಿ ಕಿವುಚಿ, ಚಮಚ ಎಣ್ಣೆ ಬೆರೆಸಿ ಉಣಿಸಬೇಕು. ಶೇಂಗಾ ಒಗ್ಗುವ ಮಕ್ಕಳಿಗೆ ಅದನ್ನು ನುಣ್ಣಗೆ ಅರೆದೇ ಕೊಡಬೇಕು. ಇಡಿ ಕಾಳು ಗಂಟಲಲ್ಲಿ ಸಿಕ್ಕುವ ಭಯವೂ ಇದೆ.