ಕೆನಡಾ, ಫಿನ್ಲೆಂಡ್ ಮತ್ತು ಕಾಗದದ ವ್ಯಾಪಾರ

ಪ್ರತಿದಿನವೂ ವಾಚಕರ ಕೈಸೇರುವ ವೃತ್ತಪತ್ರಿಕೆಯ ಕಾಗದವು ಯಾವ ದೇಶದ ಕಾಡಿನಿಂದ ಬಂದುದೆಂದು ವಿಚಾರಿಸುವವರು ವಿರಳ. ಆದರೆ ಈ ತೆಳುವಾದ ವಸ್ತುವಿನ ವ್ಯಾಪಾರದಲ್ಲಿ ರಾಷ್ಟ್ರಗಳ ಏಳುಬೀಳುಗಳು ಅಡಗಿವೆ. ಕೆನಡಾ ಮತ್ತು ಫಿನ್ಲೆಂಡ್ ದೇಶಗಳೆರಡಕ್ಕೂ ದೇವದಾರು ಜಾತಿಯ ಮರಗಳ ವಿಸ್ತಾರವಾದ ಕಾಡೂ ನದಿಗಳ ಜಲಶಕ್ತಿಯೂ ಪ್ರಕೃತಿದತ್ತವಾಗಿವೆ. ಸಂಪತ್ತು ಸಮಾನವಾದರೂ ಗಿರಾಕಿಗಳು ಬೇರೆಯಾದ ಕಾರಣ ಗತಿಯೂ ಬೇರೆಯಾಯಿತು.

ಕೆನಡಾ ಮೊದಲು ಮರದ ದಿಮ್ಮಿಗಳನ್ನೇ ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ ಕಳುಹಿಸುತ್ತಿತ್ತು. ಅಲ್ಲಿಯ ಕಾರ್ಖಾನೆಗಳು ಅವನ್ನು ಕಾಗದವಾಗಿಸಿ ಲಾಭ ಪಡೆಯುತ್ತಿದ್ದವು. 1900ರಲ್ಲಿ ಒಂಟೇರಿಯೋ ಪ್ರಾಂತವೂ 1910ರಲ್ಲಿ ಕ್ವಿಬೆಕ್ ಪ್ರಾಂತವೂ, ಸರ್ಕಾರಿ ಕಾಡಿನ ಕಾಗದದ ಮರವನ್ನು ದೇಶದೊಳಗೇ ಸಂಸ್ಕರಿಸಬೇಕೆಂದು ಕಟ್ಟಳೆ ಮಾಡಿದವು. ಹತ್ತಿಯನ್ನು ಕೊಟ್ಟು ಬಟ್ಟೆಯನ್ನು ಕೊಂಡ ದೇಶದವರಿಗೆ ಈ ಕಟ್ಟಳೆಯ ಅರ್ಥವನ್ನು ನಾವು ವಿವರಿಸಬೇಕಾಗಿಲ್ಲ. 1913ರಲ್ಲಿ ಅಮೆರಿಕವು ಅಗ್ಗದ ಪತ್ರಿಕಾಕಾಗದದ ಮೇಲಿನ ಸುಂಕವನ್ನು ತೆಗೆದುಹಾಕಿತು. 1926ರ ವೇಳೆಗೆ ಪತ್ರಿಕಾಕಾಗದದ ಉತ್ಪಾದನೆಯಲ್ಲಿ ಕೆನಡಾ ತನ್ನ ಗಿರಾಕಿಯನ್ನೇ ಮೀರಿಸಿತು.

ಫಿನ್ಲೆಂಡಿನ ದಾರಿ ಇಷ್ಟು ಸುಗಮವಾಗಿರಲಿಲ್ಲ. 1917ರವರೆಗೆ ಅದು ರಷ್ಯಾದ ಚಕ್ರವರ್ತಿಗೆ ಅಧೀನವಾಗಿದ್ದು, ಅದರ ಕಾಗದವು ಬಹುಮಟ್ಟಿಗೆ ರಷ್ಯಾದಲ್ಲೇ ಮಾರಾಟವಾಗುತ್ತಿತ್ತು. ಕ್ರಾಂತಿಯಿಂದ ಆ ಪೇಟೆ ಮುಚ್ಚಿದಾಗ ಕಾರ್ಖಾನೆಗಳವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. 1918ರಲ್ಲಿ ಫಿನ್‌ಪ್ಯಾಪ್ ಎಂಬ ಮಾರಾಟದ ಕೂಟವನ್ನು ಕಟ್ಟಿಕೊಂಡು ಬ್ರಿಟನ್ ಮೊದಲಾದ ಪಶ್ಚಿಮದ ಪೇಟೆಗಳಿಗೆ ನಡೆದರು. ಎರಡನೆಯ ಮಹಾಯುದ್ಧದ ಪರಿಣಾಮವಾಗಿ ಪೂರ್ವದ ಕಾಡುಗಳನ್ನೂ ಕಾರ್ಖಾನೆಗಳನ್ನೂ ಕಳೆದುಕೊಂಡರೂ, ಆ ಪುಟ್ಟ ರಾಷ್ಟ್ರವು ಸೋವಿಯತ್ ದೇಶಕ್ಕೆ ತೆರಬೇಕಾಗಿದ್ದ ಯುದ್ಧದಂಡವನ್ನು ಹಡಗು, ಯಂತ್ರ, ಕಾಗದ ಮುಂತಾದ ಸರಕುಗಳ ರೂಪದಲ್ಲಿ 1952ಕ್ಕೆ ತೀರಿಸಿತು. ಅನಂತರ ನಿಯತಕಾಲಿಕಗಳಿಗೆ ಬೇಕಾದ, ಹೆಚ್ಚು ಬೆಲೆಬಾಳುವ ನಯವಾದ ಕಾಗದವನ್ನು ಮಾಡಿ ಯುರೋಪಿನ ಹಲವು ದೇಶಗಳಿಗೆ ಮಾರಿತು.

ಇಪ್ಪತ್ತೊಂದನೆಯ ಶತಮಾನದಲ್ಲಿ ಓದುಗರು ಮುದ್ರಿತ ಪತ್ರಿಕೆಯನ್ನು ಬಿಟ್ಟು ವಿದ್ಯುನ್ಮಾನ ಪರದೆಯ ಕಡೆಗೆ ತಿರುಗಿದಾಗ ಎರಡು ದೇಶಗಳಿಗೂ ಪೆಟ್ಟು ಬಿತ್ತು. 2018ರ ಆದಿಯಲ್ಲಿ ಅಮೆರಿಕವು ಕೆನಡಾದ ಪತ್ರಿಕಾಕಾಗದದ ಮೇಲೆ ಸುಂಕ ಹೇರಿತು. ಅಮೆರಿಕದ ಪತ್ರಿಕೆಗಳೇ ಪ್ರತಿಭಟಿಸಿದ ಮೇಲೆ, ಆಗಸ್ಟಿನಲ್ಲಿ ಅಲ್ಲಿಯ ವ್ಯಾಪಾರ ಆಯೋಗವು ಅದನ್ನು ರದ್ದುಪಡಿಸಿತು. ಒಬ್ಬನೇ ಹಿರಿಯ ಗಿರಾಕಿಯನ್ನು ನಂಬಿದವನು ಅವನ ಹುಬ್ಬುಗಂಟಿಗೂ ಅಂಜಬೇಕಾಗುವುದು!

ಫಿನ್ಲೆಂಡಿಗೆ ಗಿರಾಕಿಗಳು ಹಲವರಿದ್ದರೂ ಅಲ್ಲಿಯ ಕಟ್ಟಕಡೆಯ ಪತ್ರಿಕಾಕಾಗದದ ಕಾರ್ಖಾನೆಯಾದ ಕೈಪೋಲಾ 2020ರಲ್ಲಿ ಮುಚ್ಚಿತು. ಆದರೆ ಆ ದೇಶವು ಮೊದಲೇ ರಟ್ಟಿನ ಕಡೆಗೂ ಮರದ ತಿರುಳಿನ ಕಡೆಗೂ ಹೊರಳಿತ್ತು. 2017ರಲ್ಲಿ ಆನೆಕೊಸ್ಕಿಯಲ್ಲಿ ಆರಂಭವಾದ ಕಾರ್ಖಾನೆಯು ವರ್ಷಕ್ಕೆ 13 ಲಕ್ಷ ಟನ್ ತಿರುಳನ್ನು ತಯಾರಿಸಬಲ್ಲುದು. ಆದರೆ ಇಲ್ಲೊಂದು ಶಂಕೆಗೆ ಆಸ್ಪದವುಂಟು. ತಿರುಳು ಅರೆಸಿದ್ಧ ವಸ್ತು. ಅದನ್ನು ಕೊಂಡು ಕಾಗದ ಮಾಡುವ ದೇಶವೇ ಮಿಕ್ಕ ಲಾಭವನ್ನುಣ್ಣುವುದು. ಒಂಟೇರಿಯೋ 1900ರಲ್ಲಿ ಕೇಳಿದ ಪ್ರಶ್ನೆ ಇಂದು ಫಿನ್ಲೆಂಡಿನ ಬಾಗಿಲಿಗೆ ಬಂದು ನಿಂತಿದೆ.

ನಮ್ಮ ಅಭಿಪ್ರಾಯದಲ್ಲಿ, ವ್ಯಾಪಾರದಲ್ಲಿ ನಿಲ್ಲಬೇಕಾದ ದೇಶಕ್ಕೆ ಮೂರು ಗುಣಗಳು ಅವಶ್ಯಕ: ವಸ್ತುವನ್ನು ತನ್ನಲ್ಲೇ ಸಿದ್ಧಪಡಿಸುವ ಹಟ, ಹಲವು ಗಿರಾಕಿಗಳನ್ನು ಅರಸುವ ಉದ್ಯಮ, ಕಾಲ ತಿರುಗಿದಾಗ ಕಸಬನ್ನು ತಿದ್ದಿಕೊಳ್ಳುವ ವಿವೇಕ. ಕೊಳ್ಳುವವರಿಗೂ ಇದರಲ್ಲಿ ಪಾಠವುಂಟು. 2022ರಲ್ಲಿ ರಷ್ಯಾ-ಉಕ್ರೇನ್ ಯುದ್ಧದಿಂದ ರಷ್ಯಾದ ಕಾಗದ ಬರುವುದು ತೊಡಕಾದಾಗ ಭಾರತದ ಪತ್ರಿಕೆಗಳು ಪಟ್ಟ ಪಾಡನ್ನು ವಾಚಕರು ಮರೆತಿರಲಾರರು. ಮಾರುವವನಿಗೆ ಹಲವು ಗಿರಾಕಿಗಳು ಬೇಕಾದಂತೆ ಕೊಳ್ಳುವವನಿಗೂ ಹಲವು ಅಂಗಡಿಗಳು ಬೇಕು. ಅವುಗಳಲ್ಲಿ ಒಂದಾದರೂ ಸ್ವದೇಶದ್ದಾಗಿರಬೇಕು.